ಮಾತ್ರೆ ಶುರುವಾದ ಮೇಲೆ ಮಚ್ಚೆ ಕೆಂಪಾಗಿದೆ, ಮೊಣಕೈ ನೋಯುತ್ತಿದೆ: ಕುಷ್ಠರೋಗದ ಔಷಧಿ ನಿಲ್ಲಿಸಬಹುದೇ?

ಪ್ರಶ್ನೆ: ನಮ್ಮ ಯಜಮಾನರಿಗೆ 41 ವರ್ಷ. ಬೆನ್ನು, ತೋಳಿನ ಮೇಲೆ ಏಳೆಂಟು ತಿಳಿ ಬಣ್ಣದ ಮಚ್ಚೆಗಳಿದ್ದವು. ತುರಿಕೆ ಇಲ್ಲ, ನೋವಿಲ್ಲ ಅಂತ ಎರಡು ವರ್ಷ ಸುಮ್ನೆ ಇದ್ದುಬಿಟ್ಟೆವು. ಕೊನೆಗೆ ತೋರಿಸಿದಾಗ ಕುಷ್ಠರೋಗ ಎಂದರು. ಒಂದು ವರ್ಷ ತೆಗೆದುಕೊಳ್ಳಬೇಕೆಂದು ಮಾತ್ರೆಯ ಪ್ಯಾಕ್ ಕೊಟ್ಟಿದ್ದಾರೆ. ಈಗ ಮೂರು ತಿಂಗಳಾಯಿತು. ಮೈ ಕಪ್ಪಾಗುತ್ತಿದೆ. ಕೆಲವು ದಿನಗಳಿಂದ ಹಳೆಯ ಮಚ್ಚೆಗಳು ಕೆಂಪಾಗಿ ಊದಿಕೊಂಡಿವೆ. ಬಲ ಮೊಣಕೈ ನೋಯುತ್ತಿದೆ, ಕಿರುಬೆರಳು ಜೋಮು ಹಿಡಿದಂತಿದೆ. ಔಷಧಿ ಆಗಿಬರುತ್ತಿಲ್ಲ ಅಂತ ನಿಲ್ಲಿಸಲು ಹೊರಟಿದ್ದಾರೆ. ಮನೆಯಲ್ಲಿ ನಾಲ್ಕು ವರ್ಷದ ಮಗಳಿದ್ದಾಳೆ, ಅತ್ತೆ ಇದ್ದಾರೆ. ತಟ್ಟೆ, ಲೋಟ ಬೇರೆ ಇಡಬೇಕಾ? ಈ ರೋಗ ಜಗತ್ತಿನಿಂದ ಹೋಗಿಯೇಬಿಟ್ಟಿದೆ ಅಂತ ಓದಿದ ನೆನಪು. ಹಾಗಾದರೆ ಇವರಿಗೆ ಎಲ್ಲಿಂದ ಬಂತು?

ಉತ್ತರ: ಮೊದಲು ಮೊಣಕೈ ವಿಚಾರ. ಉಳಿದದ್ದನ್ನು ನಿಧಾನಕ್ಕೆ ಓದಿಕೊಳ್ಳಬಹುದು. ಮಾತ್ರೆ ಕೊಟ್ಟ ಡಾಕ್ಟರ ಹತ್ತಿರ ಅವರನ್ನು ಇವತ್ತೇ ಕರೆದುಕೊಂಡು ಹೋಗಿ. ತೀರಾ ಆಗದಿದ್ದರೆ ನಾಳೆ ಬೆಳಿಗ್ಗೆ. ಮುಂದಿನ ಪ್ಯಾಕ್ ತರುವ ದಿನದವರೆಗೆ ಕಾಯಬೇಡಿ. ಅಲ್ಲಿಯವರೆಗೆ ಮಾತ್ರೆ ನಡೆಯಲಿ.

ನೀವು ಬರೆದಿರುವುದು ಔಷಧಿ ಆಗಿಬರದವರ ಲಕ್ಷಣದಂತೆ ಕಾಣುತ್ತಿಲ್ಲ. ಹಳೆಯ ಮಚ್ಚೆಗಳೇ ಕೆಂಪಾಗಿ ಉಬ್ಬುವುದು, ಜೊತೆಗೆ ಒಂದು ನರ ನೋಯುವುದು, ಇವೆರಡೂ ಸೇರಿದರೆ ಕುಷ್ಠರೋಗ ನೋಡುವ ಡಾಕ್ಟರಿಗೆ ಮೊದಲು ಹೊಳೆಯುವುದು ರಿಯಾಕ್ಷನ್. ಇದು ಮಾತ್ರೆಯ ಅಲರ್ಜಿ ಅಲ್ಲ. ರೋಗ ಜಾಸ್ತಿಯಾಗಿದೆ ಎಂದೂ ಅಲ್ಲ. ಮಾತ್ರೆ ಬ್ಯಾಕ್ಟೀರಿಯಾಗಳನ್ನು ಬೇಗ ಕೊಲ್ಲುತ್ತದೆ. ಆದರೆ ಸತ್ತ ಬ್ಯಾಕ್ಟೀರಿಯಾಗಳು ಮೈಯಿಂದ ಬೇಗ ಹೊರಹೋಗುವುದಿಲ್ಲ. ಚರ್ಮದಲ್ಲಿ, ನರಗಳಲ್ಲಿ ತಿಂಗಳುಗಟ್ಟಲೆ, ಕೆಲವರಲ್ಲಿ ವರ್ಷಗಟ್ಟಲೆ ಉಳಿದುಬಿಡುತ್ತವೆ. ಇಷ್ಟು ದಿನ ಅವನ್ನು ಕಂಡೂ ಕಾಣದಂತಿದ್ದ ರೋಗನಿರೋಧಕ ಶಕ್ತಿ ಒಮ್ಮೆಲೇ ಎಚ್ಚೆತ್ತು ಅವುಗಳ ಮೇಲೆ ಬೀಳುತ್ತದೆ. ಈ ಜಗಳ ನಡೆಯುವುದು ನರದೊಳಗೆ. ತೊಂದರೆ ಇರುವುದೇ ಅಲ್ಲಿ.

ಮೊಣಕೈಯ ಒಳಬದಿಯ ಮೂಳೆಯ ಹಿಂದೆ ಬೆರಳಿಟ್ಟು ಸವರಿದರೆ ಒಂದು ನರ ಕೈಗೆ ಸಿಗುತ್ತದೆ. ಮೊಣಕೈ ಮೇಜಿಗೆ ತಾಗಿದರೆ ಕಿರುಬೆರಳವರೆಗೂ ಝುಂ ಅನ್ನುತ್ತದಲ್ವಾ, ಅದೇ ಇದು. ಅಲ್ನರ್ ನರ ಎನ್ನುತ್ತಾರೆ. ಅದು ಹಾದುಹೋಗುವ ಜಾಗ ಇಕ್ಕಟ್ಟು. ಊದಿಕೊಂಡರೆ ಹಿಗ್ಗಲು ಎಡೆಯಿಲ್ಲ, ತನ್ನ ಊತಕ್ಕೆ ತಾನೇ ಅದುಮಿಹೋಗುತ್ತದೆ. ಮೊದಲು ಕಿರುಬೆರಳಿಗೂ ಪಕ್ಕದ ಬೆರಳಿಗೂ ಜೋಮು. ಆಮೇಲೆ ಹಿಡಿತ ಸಡಿಲ. ಕೊನೆಗೆ ಆ ಎರಡು ಬೆರಳು ಮಡಚಿಕೊಂಡು ನೆಟ್ಟಗೆ ಮಾಡಲು ಬಾರದಂತಾಗುತ್ತವೆ.

ಡಾಕ್ಟರು ಏನೇನು ನೋಡುತ್ತಾರೆ ಎಂದು ಹೇಳಿಬಿಡುತ್ತೇನೆ. ಅದನ್ನು ನೋಡದಿದ್ದರೆ ನೀವೇ ಕೇಳಿ. ಎರಡೂ ಮೊಣಕೈಗಳ ನರ ಮುಟ್ಟಿ, ಯಾವುದು ದಪ್ಪ, ಎಲ್ಲಿ ಒತ್ತಿದರೆ ನೋವು ಎಂದು ಹೋಲಿಸುತ್ತಾರೆ. ಕಣ್ಣು ಮುಚ್ಚಿಸಿ ಅಂಗೈ, ಅಂಗಾಲಿನ ಮೇಲೆ ಗೊತ್ತಾದ ಕೆಲವು ಜಾಗಗಳಲ್ಲಿ ಬಾಲ್‌ಪೆನ್ನಿನ ತುದಿಯಿಂದ ಮೆಲ್ಲಗೆ ಮುಟ್ಟಿ, ಎಲ್ಲಿ ಮುಟ್ಟಿದೆ ತೋರಿಸಿ ಅನ್ನುತ್ತಾರೆ. ಬೆರಳುಗಳ ನಡುವೆ ಒಂದು ಕಾಗದ ಸಿಕ್ಕಿಸಿ ಎಳೆಯುತ್ತಾರೆ. ಸರಿಯಿರುವ ಕೈ ಅದನ್ನು ಗಟ್ಟಿಯಾಗಿ ಹಿಡಿಯುತ್ತದೆ. ಸೋತ ಕೈಯಿಂದ ಕಾಗದ ಜಾರಿ ಬರುತ್ತದೆ. ಕಣ್ಣು ಪೂರ್ತಿ ಮುಚ್ಚುತ್ತಾ, ಪಾದ ಮೇಲೆತ್ತಲು ಬರುತ್ತಾ ಎಂದೂ ನೋಡಬೇಕು. ದೊಡ್ಡ ಯಂತ್ರ ಯಾವುದೂ ಬೇಡ. ಇದೆಲ್ಲ ಹತ್ತು ನಿಮಿಷದ ಕೆಲಸ. ಆದರೂ ಜನಜಂಗುಳಿಯ ಕ್ಲಿನಿಕ್ಕುಗಳಲ್ಲಿ ಬಿಟ್ಟುಹೋಗುವುದು ಇದೇ ಕೆಲಸ!

ರಿಯಾಕ್ಷನ್ ಎಂದು ಖಚಿತವಾದರೆ ಪ್ರೆಡ್ನಿಸೋಲೋನ್ ಎಂಬ ಸ್ಟಿರಾಯ್ಡ್ ಶುರುಮಾಡುತ್ತಾರೆ. ಮೊದಲು ಜಾಸ್ತಿ ಪ್ರಮಾಣ, ಆಮೇಲೆ ಹಂತಹಂತವಾಗಿ ಇಳಿಸುತ್ತಾ ಕೆಲವು ತಿಂಗಳು ನಡೆಯುತ್ತದೆ. ಸ್ಟಿರಾಯ್ಡ್ ಅಂದ ಕೂಡಲೇ ಹೆದರುವವರಿದ್ದಾರೆ. ಇಲ್ಲಿ ಅದು ಕೈ ಉಳಿಸುವ ಔಷಧಿ. ಸಕ್ಕರೆ ಕಾಯಿಲೆ, ಬಿಪಿ, ಕ್ಷಯ ಇದೆಯಾ ಎಂದು ಮೊದಲು ನೋಡಿಕೊಂಡು ಕೊಡಬೇಕು. ಕೊಟ್ಟ ಮೇಲೆ ಒಮ್ಮೆಲೇ ನಿಲ್ಲಿಸಬಾರದು. ನರ ಸೋತು ಆರು ತಿಂಗಳೊಳಗೆ ಚಿಕಿತ್ಸೆ ಸಿಕ್ಕರೆ ಸ್ಪರ್ಶ, ಶಕ್ತಿ ಮರಳುವ ಸಾಧ್ಯತೆ ಚೆನ್ನಾಗಿರುತ್ತದೆ. ತಡವಾದಷ್ಟೂ ಕಡಿಮೆ. ಜೋಮು ಈಗಷ್ಟೇ ಶುರುವಾಗಿದೆ, ಹಾಗಾಗಿ ಅವರಿಗೆ ಕಾಲ ಮಿಂಚಿಲ್ಲ. ನೋವು ಕಡಿಮೆಯಾಗುವವರೆಗೆ ಆ ಕೈಗೆ ವಿಶ್ರಾಂತಿ ಬೇಕು. ಭಾರ ಎತ್ತುವುದು, ಮೊಣಕೈ ಮಡಚಿ ಅದರ ಮೇಲೆ ಒರಗುವುದು ಬೇಡ.

ಇನ್ನೊಂದು ಬಗೆಯ ರಿಯಾಕ್ಷನ್ ಕೂಡ ಇದೆ. ಮೈಯಲ್ಲಿ ಬ್ಯಾಕ್ಟೀರಿಯಾ ತುಂಬಾ ಇದ್ದವರಿಗೆ ಅದು ಬರುತ್ತದೆ. ಮಚ್ಚೆ ಇಲ್ಲದ ಕಡೆಯೂ ನೋಯುವ ಕೆಂಪು ಗಂಟುಗಳೇಳುತ್ತವೆ, ಜ್ವರ, ಕೀಲುನೋವು, ಕೆಲವರಿಗೆ ಕಣ್ಣು ಕೆಂಪು. ಅದು ಮತ್ತೆ ಮತ್ತೆ ಮರಳುತ್ತದೆ, ಅದರ ಚಿಕಿತ್ಸೆಯೂ ಉದ್ದ. ನೀವು ಹೇಳಿದ್ದರಲ್ಲಿ ಆ ಲಕ್ಷಣಗಳಿಲ್ಲ. ಆದರೆ ಎರಡೂ ಬಗೆಯವು ಮಾತ್ರೆ ನಡೆಯುವಾಗಲೂ ಬರಬಹುದು, ಕೋರ್ಸ್ ಮುಗಿದ ಮೇಲೂ ಬರಬಹುದು. ಇದನ್ನು ನೆನಪಿಟ್ಟುಕೊಳ್ಳಿ, ಮುಂದೆ ಬೇಕಾಗುತ್ತದೆ.

ಹಾಗಾದರೆ ಮಾತ್ರೆ ನಿಜವಾಗಿ ಆಗಿಬರದಿದ್ದರೆ ಹೇಗಿರುತ್ತದೆ? ಪ್ಯಾಕಿನಲ್ಲಿ ಮೂರು ಔಷಧಿಗಳಿವೆ. ರಿಫಾಂಪಿಸಿನ್ ತಿಂಗಳಿಗೊಮ್ಮೆ 600 ಮಿಲಿಗ್ರಾಂ. ಕ್ಲೊಫಾಜಿಮಿನ್ ತಿಂಗಳಿಗೊಮ್ಮೆ 300, ದಿನವೂ 50. ಡ್ಯಾಪ್ಸೋನ್ ದಿನವೂ 100. ಇದು ದೊಡ್ಡವರ ಪ್ರಮಾಣ. ರಿಫಾಂಪಿಸಿನ್ ತೆಗೆದುಕೊಂಡ ದಿನ ಮೂತ್ರ ಕಿತ್ತಳೆ ಬಣ್ಣಕ್ಕೆ ತಿರುಗುತ್ತದೆ, ರಕ್ತ ಹೋಗುತ್ತಿದೆ ಎಂದು ಗಾಬರಿಯಾಗುವುದು ಬೇಡ. ಮೈ ಕಪ್ಪಾಗುವುದು, ಚರ್ಮ ಒಣಗುವುದು ಕ್ಲೊಫಾಜಿಮಿನ್ನಿನ ಕೆಲಸ. ಅದು ಬಣ್ಣದ ಔಷಧಿ, ಚರ್ಮದಲ್ಲಿ ಕೂರುತ್ತದೆ. ಕೋರ್ಸ್ ಮುಗಿದ ಮೇಲೆ ಕೆಲವು ತಿಂಗಳಲ್ಲಿ ತಾನಾಗಿ ತಿಳಿಯಾಗುತ್ತದೆ. ಇದೇ ಕಾರಣಕ್ಕೆ ಔಷಧಿ ಬಿಡುವವರನ್ನು ಕಂಡಿದ್ದೇನೆ. ನಾಲ್ಕು ಜನ ಕೇಳುತ್ತಾರೆ ಎಂಬ ಸಂಕಟ ನನಗೆ ಅರ್ಥವಾಗುತ್ತದೆ. ಆದರೆ ಬಣ್ಣ ಮರಳಿ ಬರುತ್ತದೆ, ಸತ್ತ ನರ ಬರುವುದಿಲ್ಲ.

ನಿಜವಾಗಿ ಎಚ್ಚರ ಬೇಕಿರುವುದು ಡ್ಯಾಪ್ಸೋನ್ ಬಗ್ಗೆ. ಮೊದಲ ಕೆಲವು ವಾರಗಳಲ್ಲಿ ಮೈತುಂಬ ದದ್ದು, ಜ್ವರ, ಕಣ್ಣು ಹಳದಿಯಾಗುವುದು, ಚರ್ಮ ಸುಲಿಯುವುದು ಕಂಡರೆ ಆ ಮಾತ್ರೆ ನಿಲ್ಲಿಸಿ ಕೂಡಲೇ ಆಸ್ಪತ್ರೆಗೆ ಹೋಗಬೇಕು. ಕೆಲವರಲ್ಲಿ ರಕ್ತ ಕಡಿಮೆಯಾಗಿ ಸುಸ್ತು, ಏದುಸಿರು ಬರುತ್ತದೆ. ಹೀಗಾದರೂ ಇಡೀ ಚಿಕಿತ್ಸೆ ನಿಲ್ಲುವುದಿಲ್ಲ. ಡ್ಯಾಪ್ಸೋನ್ ಬಿಟ್ಟು ಬೇರೆ ದಾರಿ ಹುಡುಕುತ್ತಾರೆ.

ಮೂರೂ ಯಾಕೆ ಒಟ್ಟಿಗೆ? 1940ರ ದಶಕದಲ್ಲಿ ಸಲ್ಫೋನ್ ಔಷಧಿಗಳು ಬಂದಾಗ ಈ ರೋಗಕ್ಕೆ ಮೊದಲ ಸಲ ಕೆಲಸ ಮಾಡುವ ಮದ್ದು ಸಿಕ್ಕಿತು. ಆಮೇಲೆ ಅದೇ ಗುಂಪಿನ ಡ್ಯಾಪ್ಸೋನ್ ಒಂದನ್ನೇ ಜನ ವರ್ಷಾನುಗಟ್ಟಲೆ, ಎಷ್ಟೋ ಮಂದಿ ಜೀವನಪೂರ್ತಿ ತೆಗೆದುಕೊಂಡರು. ಬ್ಯಾಕ್ಟೀರಿಯಾ ಅದಕ್ಕೆ ಬಗ್ಗದಂತಾಯಿತು. ಹಾಗಾಗಿ 1981ರಲ್ಲಿ ವಿಶ್ವ ಆರೋಗ್ಯ ಸಂಸ್ಥೆ ಮೂರನ್ನೂ ಸೇರಿಸಿದ ಎಂಡಿಟಿ, ಅಂದರೆ ಬಹುಔಷಧ ಚಿಕಿತ್ಸೆಯನ್ನು ಸೂಚಿಸಿತು. 1995ರಿಂದ ಜಗತ್ತಿನಾದ್ಯಂತ ರೋಗಿಗಳಿಗೆ ಇದು ಉಚಿತ. ಐದು ಅಥವಾ ಕಡಿಮೆ ಮಚ್ಚೆ ಇದ್ದು, ಚರ್ಮದ ಪರೀಕ್ಷೆಯಲ್ಲಿ ಬ್ಯಾಕ್ಟೀರಿಯಾ ಕಾಣದಿದ್ದರೆ ಆರು ತಿಂಗಳು. ಅದಕ್ಕಿಂತ ಜಾಸ್ತಿ ಇದ್ದರೆ ಹನ್ನೆರಡು ತಿಂಗಳು. ನಿಮ್ಮವರು ಎರಡನೆಯ ಗುಂಪು. ಕೋರ್ಸ್ ಪೂರ್ತಿ ಮಾಡಿದವರಲ್ಲಿ ರೋಗ ಮರಳುವುದು ತುಂಬಾ ಅಪರೂಪ.

ಈಗ ತಟ್ಟೆ, ಲೋಟ. ಬೇರೆ ಇಡಬೇಡಿ. ಹಾಸಿಗೆ, ಬಟ್ಟೆ, ಟವೆಲ್ ಯಾವುದನ್ನೂ ಬೇರೆ ಮಾಡಬೇಕಿಲ್ಲ. ಮಗಳನ್ನು ಎತ್ತಿಕೊಳ್ಳಲಿ, ಮುದ್ದು ಮಾಡಲಿ. ಈ ರೋಗ ಹರಡುವುದು ಚಿಕಿತ್ಸೆ ಪಡೆಯದವರ ಮೂಗು, ಬಾಯಿಯ ಹನಿಗಳಿಂದ. ಅದೂ ಬಹುಕಾಲ ತೀರಾ ಹತ್ತಿರದಲ್ಲಿದ್ದರೆ. ಕೈ ಕುಲುಕಿದರೆ, ಒಟ್ಟಿಗೆ ಉಂಡರೆ, ಪಕ್ಕದಲ್ಲಿ ಕೂತರೆ ಬರುವುದಿಲ್ಲ. ನೂರರಲ್ಲಿ ಸುಮಾರು 95 ಜನರ ಮೈ ಈ ಬ್ಯಾಕ್ಟೀರಿಯಾವನ್ನು ತಾನಾಗಿಯೇ ತಡೆಯುತ್ತದೆ. ರಿಫಾಂಪಿಸಿನ್ನಿನ ಮೊದಲ ಡೋಸ್ ಕೆಲವೇ ದಿನಗಳಲ್ಲಿ ಬಹುಪಾಲು ಬ್ಯಾಕ್ಟೀರಿಯಾಗಳನ್ನು ಕೊಂದಿರುತ್ತದೆ. ಮೂರು ತಿಂಗಳಿಂದ ಮಾತ್ರೆ ನಡೆಯುತ್ತಿದೆ, ಹಾಗಾಗಿ ಅವರಿಂದ ಈಗ ಯಾರಿಗೂ ಅಪಾಯವಿಲ್ಲ.

ಅಪಾಯ ಇದ್ದರೆ ಅದು ಮಚ್ಚೆ ಇದ್ದೂ ಸುಮ್ನೆ ಇದ್ದ ಆ ಎರಡು ವರ್ಷಗಳದ್ದು. ಅದಕ್ಕೆ ಪಾತ್ರೆ ಬೇರೆ ಮಾಡಿದರೆ ಏನೂ ಆಗದು, ಪರೀಕ್ಷೆ ಮಾಡಿಸಬೇಕು. ನೀವು, ಮಗಳು, ಅತ್ತೆ, ಮೂವರೂ ಮೈ ತೋರಿಸಿ. ಬಟ್ಟೆಯ ಮೇಲಿಂದ ನೋಡಿ ಕಳಿಸುವ ಪರೀಕ್ಷೆ ಲೆಕ್ಕಕ್ಕಿಲ್ಲ. ಬೆನ್ನು, ಪೃಷ್ಠ ಎಲ್ಲವನ್ನೂ ಬೆಳಕಿನಲ್ಲಿ ನೋಡಬೇಕು. ಹಾಲಿನಂತೆ ಅಚ್ಚಬಿಳಿಯಾಗಿದ್ದು ಸ್ಪರ್ಶ ಸರಿಯಿದ್ದರೆ ಅದು ತೊನ್ನು ಇರಬಹುದು, ತೊನ್ನಿಗೂ ಇದಕ್ಕೂ ಸಂಬಂಧವಿಲ್ಲ. ಕುಷ್ಠರೋಗದ ಮಚ್ಚೆ ಸುತ್ತಲಿನ ಚರ್ಮಕ್ಕಿಂತ ಸ್ವಲ್ಪ ತಿಳಿ ಅಥವಾ ಕೆಂಪು ಛಾಯೆ. ಹತ್ತಿಯ ಎಳೆ ತಾಗಿದ್ದು ಅಲ್ಲಿ ಸಾಮಾನ್ಯವಾಗಿ ಗೊತ್ತಾಗುವುದಿಲ್ಲ. ಚಿಕ್ಕ ಮಕ್ಕಳಲ್ಲಿ, ಮುಖದ ಮೇಲಿನ ಮಚ್ಚೆಗಳಲ್ಲಿ ಈ ಪರೀಕ್ಷೆ ಸುಲಭವಲ್ಲ, ಅನುಭವಿಗಳೇ ಮಾಡಬೇಕು.

ರೋಗ ಇಲ್ಲ ಎಂದು ಕಂಡರೆ, ಒಂದೇ ಒಂದು ಡೋಸ್ ರಿಫಾಂಪಿಸಿನ್ ಕೊಡುವ ಬಗ್ಗೆ ಕೇಳಿ. ಬಾಂಗ್ಲಾದೇಶದಲ್ಲಿ ನಡೆದ ದೊಡ್ಡ ಅಧ್ಯಯನದಲ್ಲಿ ಇದು ರೋಗಿಗಳ ಒಡನಾಡಿಗಳಲ್ಲಿ ಮೊದಲ ಎರಡು ವರ್ಷ ಹೊಸ ರೋಗವನ್ನು ಶೇ 57ರಷ್ಟು ತಗ್ಗಿಸಿತು. 2018ರಿಂದ ವಿಶ್ವ ಆರೋಗ್ಯ ಸಂಸ್ಥೆ ಇದನ್ನು ಎರಡು ವರ್ಷ ಮೇಲ್ಪಟ್ಟ ಒಡನಾಡಿಗಳಿಗೆ ಸೂಚಿಸುತ್ತಿದೆ. ಹಾಗಾಗಿ ನಿಮ್ಮ ಮಗಳಿಗೂ ಕೊಡಬಹುದು. ಕ್ಷಯದ ಲಕ್ಷಣಗಳಿಲ್ಲ ಎಂದು ಮೊದಲು ಖಚಿತಮಾಡಿಕೊಳ್ಳಬೇಕು. ಶೇ 57 ಅಂದರೆ ಪೂರ್ತಿ ರಕ್ಷಣೆ ಅಲ್ಲ. ಡೋಸ್ ಆಯಿತಲ್ಲ ಅಂತ ಪರೀಕ್ಷೆ ಬಿಡಬೇಡಿ, ವರ್ಷಕ್ಕೊಮ್ಮೆಯಂತೆ ಕನಿಷ್ಠ ಐದು ವರ್ಷ ಮೈ ನೋಡಿಸಿ. ಹುಟ್ಟಿದಾಗ ಹಾಕಿಸಿದ ಬಿಸಿಜಿ ಲಸಿಕೆಯೂ ಸ್ವಲ್ಪ ಕಾಪಾಡುತ್ತದೆ.

ಎಲ್ಲಿಂದ ಬಂತು ಎಂಬುದು ಎಲ್ಲರೂ ಕೇಳುವ ಪ್ರಶ್ನೆ. ಹೆಚ್ಚಿನವರಿಗೆ ಉತ್ತರ ಸಿಗುವುದಿಲ್ಲ. ರೋಗ ತರುವ ಬ್ಯಾಕ್ಟೀರಿಯಾಗಳಲ್ಲಿ ಇದರಷ್ಟು ನಿಧಾನದ್ದು ಇನ್ನೊಂದಿಲ್ಲ ಅನ್ನಬಹುದು. ಮಾಮೂಲಿ ಬ್ಯಾಕ್ಟೀರಿಯಾ ಅರ್ಧ ಗಂಟೆಯೊಳಗೆ ಒಂದು ಎರಡಾದರೆ, ಇದಕ್ಕೆ ಸುಮಾರು ಎರಡು ವಾರ ಬೇಕು. ಸೋಂಕು ತಗುಲಿ ಲಕ್ಷಣ ಕಾಣುವುದಕ್ಕೆ ಸರಾಸರಿ ಐದು ವರ್ಷ. ಇಪ್ಪತ್ತು ವರ್ಷ ದಾಟಿದ್ದೂ ಉಂಟು. ಇಪ್ಪತ್ತರ ವಯಸ್ಸಿನಲ್ಲಿ ಯಾರ ಜೊತೆ ಇದ್ದರೋ, ಈಗ ಹುಡುಕಿ ಏನು ಮಾಡುತ್ತೀರಿ? 1873ರಲ್ಲಿ ನಾರ್ವೆಯ ಬರ್ಗನ್‌ನಲ್ಲಿ ಹ್ಯಾನ್ಸೆನ್ ಎಂಬ ಡಾಕ್ಟರು ಇದನ್ನು ಸೂಕ್ಷ್ಮದರ್ಶಕದಲ್ಲಿ ಕಂಡರು. ಅದು ಇವತ್ತಿಗೂ ಪ್ರಯೋಗಾಲಯದ ತಟ್ಟೆಯಲ್ಲಿ ಬೆಳೆಯಲು ಒಪ್ಪಿಲ್ಲ. ಇಲಿಯ ಅಂಗಾಲಿನಲ್ಲೋ, ಆರ್ಮಡಿಲ್ಲೊ ಎಂಬ ಚಿಪ್ಪಿನ ಪ್ರಾಣಿಯ ಮೈಯಲ್ಲೋ ಬೆಳೆಸಬೇಕು. ಅದಕ್ಕೆ ತಣ್ಣನೆಯ ಜಾಗ ಇಷ್ಟ. ಕಿವಿ, ಮೂಗು, ಕೈಕಾಲುಗಳ ನರಗಳೇ ಜಾಸ್ತಿ ಹಾಳಾಗಲು ಅದೂ ಒಂದು ಕಾರಣ.

ಇನ್ನು ಜಗತ್ತಿನಿಂದ ಹೋಗಿಬಿಟ್ಟಿದೆ ಎಂದು ಓದಿದ್ದು. ನೀವು ತಪ್ಪಾಗಿ ಓದಿಲ್ಲ, ಬರೆದದ್ದೇ ಹಾಗೆ. 1991ರಲ್ಲಿ ವಿಶ್ವ ಆರೋಗ್ಯ ಸಭೆ ಒಂದು ಗುರಿ ಇಟ್ಟಿತು: 2000ದ ಹೊತ್ತಿಗೆ 10,000 ಜನರಿಗೆ ಒಬ್ಬರಿಗಿಂತ ಕಡಿಮೆ ರೋಗಿಗಳು. ಇದನ್ನೇ ‘ನಿರ್ಮೂಲನೆ’ ಎಂದು ಕರೆದರು. ಇಡೀ ಜಗತ್ತಿನ ಲೆಕ್ಕದಲ್ಲಿ 2000ದಲ್ಲಿ ಆ ಗೆರೆ ದಾಟಿತು. ಭಾರತ 2005ರ ಕೊನೆಗೆ ದಾಟಿತು. 1980ರ ದಶಕದಲ್ಲಿ 50 ಲಕ್ಷಕ್ಕೂ ಜಾಸ್ತಿ ಇದ್ದ ರೋಗಿಗಳ ಸಂಖ್ಯೆ ಕೆಲವೇ ಲಕ್ಷಕ್ಕೆ ಇಳಿಯಿತು. ಇದು ನಿಜಕ್ಕೂ ದೊಡ್ಡ ಕೆಲಸ. ಆ ಗುರಿ ಇಲ್ಲದಿದ್ದರೆ ಮಾತ್ರೆ ಇಷ್ಟು ಬೇಗ ಇಷ್ಟು ದೂರ ತಲುಪುತ್ತಿರಲಿಲ್ಲ.

ಆದರೆ ಆ ಲೆಕ್ಕ ಹೇಗೆ ಮಾಡಿದ್ದು ನೋಡಿ. ಆ ದಿನ ರಿಜಿಸ್ಟರಿನಲ್ಲಿ ಮಾತ್ರೆ ತೆಗೆದುಕೊಳ್ಳುತ್ತಿರುವವರು ಎಷ್ಟು ಜನ, ಅಷ್ಟೇ. ಕೊನೆಯ ಪ್ಯಾಕ್ ಮುಗಿದ ದಿನ ಹೆಸರಿಗೆ ಗೆರೆ. ಮಚ್ಚೆ ಜಾಸ್ತಿ ಇದ್ದವರಿಗೆ ಮೊದಲು ಎರಡು ವರ್ಷ ಚಿಕಿತ್ಸೆ ಇತ್ತು. 1990ರ ದಶಕದ ಕೊನೆಗೆ ಅದನ್ನು ಒಂದು ವರ್ಷಕ್ಕೆ ಇಳಿಸಿದರು. ಚಿಕಿತ್ಸೆ ದೃಷ್ಟಿಯಿಂದ ಸರಿಯಾದ ನಿರ್ಧಾರವೇ. ಆದರೆ ಹೊಸ ರೋಗಿ ಒಬ್ಬರೂ ಕಡಿಮೆಯಾಗದೆ, ರಿಜಿಸ್ಟರಿನಲ್ಲಿ ಆ ಗುಂಪು ಅರ್ಧಕ್ಕೆ ಇಳಿಯಿತು! ಗೆರೆ ದಾಟಿದ ಮೇಲೆ ಹಲವು ಕಡೆ ಮನೆಮನೆಗೆ ಹೋಗಿ ಹುಡುಕುವುದು ಕಡಿಮೆಯಾಯಿತು. ಹಣ ಬೇರೆ ಕಡೆ ಹರಿಯಿತು. ಡಾಕ್ಟರುಗಳ ಹೊಸ ತಲೆಮಾರು ಈ ರೋಗವನ್ನು ಕೈಯಾರೆ ಮುಟ್ಟಿ ಕಲಿಯಲಿಲ್ಲ. ನಿಮ್ಮ ಯಜಮಾನರ ಮಚ್ಚೆ ಎರಡು ವರ್ಷ ಯಾರ ಕಣ್ಣಿಗೂ ಬೀಳದಿರಲು ಇದೂ ಕಾರಣ ಎಂದರೆ ನನಗೆ ಉತ್ಪ್ರೇಕ್ಷೆ ಅನ್ನಿಸುವುದಿಲ್ಲ.

ಹುಡುಕದಿದ್ದರೆ ಸಂಖ್ಯೆ ಹೇಗೆ ಇಳಿಯುತ್ತದೆ ಎಂಬುದಕ್ಕೆ ಕೊರೊನಾ ವರ್ಷವೇ ಸಾಕ್ಷಿ. 2019ರಲ್ಲಿ ಜಗತ್ತಿನಲ್ಲಿ ಪತ್ತೆಯಾದ ಹೊಸ ರೋಗಿಗಳು 2 ಲಕ್ಷಕ್ಕೂ ಜಾಸ್ತಿ. 2020ರಲ್ಲಿ ಅದು 1.3 ಲಕ್ಷಕ್ಕಿಂತ ಕೆಳಗೆ ಬಿತ್ತು. ಐದು ವರ್ಷ ಮೈಯಲ್ಲಿ ಅಡಗಿ ಕೂರುವ ರೋಗ ಒಂದು ವರ್ಷದಲ್ಲಿ ಮೂರನೇ ಒಂದು ಭಾಗ ಮಾಯವಾಗುವುದು ಸಾಧ್ಯವಿಲ್ಲ. ನೋಡುವವರು ಹೊರಗೆ ಹೋಗಲಿಲ್ಲ, ಅಷ್ಟೇ. 2023ಕ್ಕೆ ಮತ್ತೆ 1.8 ಲಕ್ಷ ದಾಟಿತು. ಅದರಲ್ಲಿ ಮುಕ್ಕಾಲಿಗೂ ಜಾಸ್ತಿ ಭಾರತ, ಬ್ರೆಜಿಲ್, ಇಂಡೊನೇಷ್ಯಾ ಮೂರೇ ದೇಶಗಳಲ್ಲಿ. 10 ಸಾವಿರಕ್ಕೂ ಜಾಸ್ತಿ ಮಕ್ಕಳು. ಸುಮಾರು 9 ಸಾವಿರಕ್ಕೂ ಹೆಚ್ಚು ಜನರಿಗೆ ಪತ್ತೆಯಾಗುವ ಹೊತ್ತಿಗೇ ಕಣ್ಣಿಗೆ ಕಾಣುವ ಅಂಗವೈಕಲ್ಯ ಬಂದಿತ್ತು. ನಾನು ನೋಡುವುದು ಈ ಕೊನೆಯ ಎರಡು ಅಂಕಿಗಳನ್ನು. ಮಗುವಿಗೆ ಬಂತು ಎಂದರೆ ಹತ್ತಿರದಲ್ಲೆಲ್ಲೋ ಈಚೆಗೂ ಸೋಂಕು ಹರಡುತ್ತಿದೆ. ಬೆರಳು ಮಡಚಿದ ಮೇಲೆ ಪತ್ತೆಯಾಯಿತು ಎಂದರೆ ನಾವು ತಡಮಾಡಿದ್ದೇವೆ. ರಿಜಿಸ್ಟರಿನ ಉದ್ದ ಈ ಎರಡನ್ನೂ ಹೇಳುವುದಿಲ್ಲ.

ಈಗಿನ ಗುರಿ ಸ್ವಲ್ಪ ಬೇರೆ. 2021ರಿಂದ 2030ರ ಜಾಗತಿಕ ಯೋಜನೆ ಹರಡುವಿಕೆಯನ್ನೇ ನಿಲ್ಲಿಸಬೇಕು ಎನ್ನುತ್ತದೆ. ಒಡನಾಡಿಗಳ ಪರೀಕ್ಷೆ, ಒಂದು ಡೋಸ್ ರಿಫಾಂಪಿಸಿನ್ ಎಲ್ಲ ಅದರ ಭಾಗ. 2024ರಲ್ಲಿ ಜೋರ್ಡಾನ್, ಈ ರೋಗ ನಿರ್ಮೂಲನೆಯಾಗಿದೆ ಎಂದು ವಿಶ್ವ ಆರೋಗ್ಯ ಸಂಸ್ಥೆಯಿಂದ ಹೀಗೆ ಮಾನ್ಯತೆ ಪಡೆದ ಮೊದಲ ದೇಶವಾಯಿತು. ಸಿಡುಬಿನ ಹಾಗೆ ಭೂಮಿಯಿಂದಲೇ ಅಳಿಸುವುದು ಕಷ್ಟ. ಅಮೆರಿಕದ ಆರ್ಮಡಿಲ್ಲೊಗಳಲ್ಲಿ, ಬ್ರಿಟನ್ನಿನ ಕೆಂಪು ಅಳಿಲುಗಳಲ್ಲಿ, ಆಫ್ರಿಕಾದ ಕಾಡು ಚಿಂಪಾಂಜಿಗಳಲ್ಲೂ ಈ ರೋಗ ಸಿಕ್ಕಿದೆ.

ದೂರ ಇಡುವುದರಿಂದ ಏನೂ ಆಗಲಿಲ್ಲ ಎಂಬುದಕ್ಕೆ ಇತಿಹಾಸ ತುಂಬಾ ಇದೆ. ಹವಾಯಿಯಲ್ಲಿ 1866ರಿಂದ ರೋಗಿಗಳನ್ನು ಕಲೌಪಪ ಎಂಬ ಕಡಲ ತುದಿಗೆ ಕಳಿಸುತ್ತಿದ್ದರು, ಮದ್ದು ಬಂದು ಎರಡು ದಶಕ ಕಳೆದ ಮೇಲೆ, 1969ರಲ್ಲಿ ಆ ಕಾನೂನು ಹೋಯಿತು. ಜಪಾನಿನಲ್ಲಿ ಅಂಥ ಕಾನೂನು 1996ರವರೆಗೂ ಇತ್ತು. ಭಯದಿಂದ ಜನ ರೋಗ ಮುಚ್ಚಿಟ್ಟರು. ಮುಚ್ಚಿಟ್ಟಷ್ಟು ದಿನ ಅದು ಹರಡಿತು.

ಕೊನೆಗೆ ಮನೆಯಲ್ಲಿ ಮಾಡುವ ಕೆಲಸ. ಬೆರಳು ಉದುರುವ ರೋಗ ಅಂತ ಜನ ಹೇಳುತ್ತಾರೆ. ಬೆರಳು ತಾನಾಗಿ ಉದುರುವುದಿಲ್ಲ. ವೆಲ್ಲೂರಿನಲ್ಲಿ ಶಸ್ತ್ರಚಿಕಿತ್ಸಕರಾಗಿದ್ದ ಪಾಲ್ ಬ್ರ್ಯಾಂಡ್ ಅದನ್ನು ತೋರಿಸಿಕೊಟ್ಟರು. ನೋವು ಗೊತ್ತಾಗದ ಕೈ ಬಿಸಿ ಪಾತ್ರೆ ಹಿಡಿಯುತ್ತದೆ, ಮೊಳೆ ಚುಚ್ಚಿದ ಕಾಲು ನಡೆಯುತ್ತಲೇ ಇರುತ್ತದೆ, ರಾತ್ರಿ ಇಲಿ ಕಚ್ಚಿದರೂ ಎಚ್ಚರವಾಗುವುದಿಲ್ಲ. ಗಾಯ, ಕೀವು, ಮೂಳೆಗೆ ಸೋಂಕು, ಹಾಗೆ ಚೂರುಚೂರಾಗಿ ಬೆರಳು ಸವೆಯುತ್ತದೆ. ನಿಮ್ಮವರ ಕಿರುಬೆರಳಿನ ಸ್ಪರ್ಶ ಪೂರ್ತಿ ಮರಳುವವರೆಗೆ ಬಿಸಿ ಲೋಟವನ್ನು ಬಟ್ಟೆ ಸುತ್ತಿ ಹಿಡಿಯಲಿ. ಬಿಸಿಯೋ ತಣ್ಣಗೋ ಎಂದು ಎಡಗೈಯಿಂದ ಮುಟ್ಟಿ ನೋಡಲಿ. ರಾತ್ರಿ ಮಲಗುವ ಮುಂಚೆ ಅಂಗೈ, ಅಂಗಾಲು ನೀವೇ ನೋಡಿ. ಕೆಂಪು, ಬೊಬ್ಬೆ, ಚಿಕ್ಕ ಗೀರು, ಎಲ್ಲವೂ ಲೆಕ್ಕಕ್ಕೆ. ಚರ್ಮ ಒಣಗಿ ಬಿರಿದರೆ ಇಪ್ಪತ್ತು ನಿಮಿಷ ಸಾದಾ ನೀರಿನಲ್ಲಿ ನೆನೆಸಿ, ಒರೆಸದೆ ಹಸಿ ಇರುವಾಗಲೇ ಎಣ್ಣೆ ಹಚ್ಚಿ. ಅಂಗಾಲಿಗೆ ಜೋಮು ಬಂದರೆ ಮೆತ್ತನೆಯ ರಬ್ಬರಿನ ಚಪ್ಪಲಿ ಬೇಕಾಗುತ್ತದೆ, ಅದಕ್ಕೆ ಡಾಕ್ಟರನ್ನು ಕೇಳಿ.

ಹನ್ನೆರಡನೇ ಪ್ಯಾಕ್ ಮುಗಿದ ದಿನ ಅವರ ಹೆಸರಿಗೂ ರಿಜಿಸ್ಟರಿನಲ್ಲಿ ಗೆರೆ ಬೀಳುತ್ತದೆ. ಮಚ್ಚೆ ಪೂರ್ತಿ ಹೋಗಿರುವುದಿಲ್ಲ, ಅದಕ್ಕೆ ಗಾಬರಿ ಬೇಡ. ಆದರೆ ಹೊರಡುವ ಮುಂಚೆ ಎರಡು ಕೆಲಸ ಮಾಡಿಸಿಕೊಳ್ಳಿ. ಕೈ, ಕಾಲು, ಕಣ್ಣಿನ ನರಗಳನ್ನು ಇನ್ನೊಮ್ಮೆ ಪೂರ್ತಿ ಪರೀಕ್ಷಿಸಿ ಫಲಿತಾಂಶವನ್ನು ಚೀಟಿಯಲ್ಲಿ ಬರೆದುಕೊಡಲು ಹೇಳಿ, ಮುಂದೆ ಹೋಲಿಸಿ ನೋಡಲು ಬೇಕಾಗುತ್ತದೆ. ಹೊಸ ಜೋಮು, ನರದ ನೋವು, ಕಣ್ಣು ಕೆಂಪಾಗುವುದು, ಮಚ್ಚೆ ಮತ್ತೆ ಊದುವುದು ಕಂಡರೆ ಯಾರನ್ನು ಕಾಣಬೇಕು, ಯಾವ ನಂಬರಿಗೆ ಫೋನ್ ಮಾಡಬೇಕು ಎಂದು ಅದೇ ಚೀಟಿಯ ಹಿಂದೆ ಬರೆಸಿಕೊಳ್ಳಿ. ಅಲ್ಲಿಯವರೆಗೆ ಪ್ರತಿ ತಿಂಗಳು ಪ್ಯಾಕ್ ತರಲು ಹೋದಾಗ, ನರ ಮುಟ್ಟಿ ನೋಡದೆ ಪ್ಯಾಕ್ ಮಾತ್ರ ಕೊಟ್ಟು ಕಳಿಸಿದರೆ ಎದ್ದು ಬರಬೇಡಿ.